ಒಪ್ಪಿಸುವ ಮಾತು

ನಾನು ಅಳುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಐದಾರು ವರ್ಷಗಳಲ್ಲಿ ಕಂಡಕಂಡವರಿಗೆಲ್ಲ ಇದನ್ನೇ ಹೇಳಿ ನನಗೆ ಸಾಕುಸಾಕಾಗಿದೆ. ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಒಂದು ಟಿಕೆಟ್ ಎಂದರೆ ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನನ್ನ ಮುಖ ನೋಡಿ, "ಯಾಕ್ ಸ್ವಾಮಿ, ಮನೇಲಿ ಏನಾದ್ರೂ ಆಯ್ತಾ?" ಎನ್ನುತ್ತಾನೆ. ಸೊಸೈಟಿ ಅಂಗಡಿಯವನಿಗೆ ನನ್ನ ದನಿ ಕೇಳಿದರೆ ಕೋಪ. ಸಕ್ಕರೆ ಇಲ್ಲ ಅಂದಿದ್ದಕ್ಕೆ ಗಂಡಸು ಅಳ್ತಾನೇನ್ರೀ ಎಂದು ಸಾಲಿನಲ್ಲಿ ನಿಂತವರೆದುರಿಗೆ ಕೇಳಿದ್ದಾನೆ. ಅಳುತ್ತಿಲ್ಲಯ್ಯ, ನನ್ನ ದನಿಯೇ ಹೀಗೆ ಎಂದು ಹೇಳಹೊರಟರೆ ಆ ಮಾತೂ ಅದೇ ದನಿಯಲ್ಲೇ ಬರುತ್ತದೆ. ಯಾರು ನಂಬುತ್ತಾರೆ?

ನನ್ನ ಹೆಸರು ಏಕಾಂತಯ್ಯ. ಜಯನಗರದ ಅಂಚಿನಲ್ಲಿ, ಯಡಿಯೂರಿನ ಕಡೆ, ತಿಮ್ಮರಾಯಪ್ಪನವರ ಹೆಂಚಿನ ಮನೆಯ ಅರ್ಧ ಭಾಗದಲ್ಲಿ ಬಾಡಿಗೆಗಿದ್ದೇನೆ. ಕೆಲಸ ತ್ಯಾಗರಾಜನಗರದ ಒಂದು ಪ್ರೆಸ್ಸಿನಲ್ಲಿ, ಕಾಪಿ ಹೋಲ್ಡರ್ ಆಗಿದ್ದೆ. ಹಾಗೆಂದರೇನು ಎಂದು ಕೇಳದವರಿಲ್ಲ, ಆದ್ದರಿಂದ ಹೇಳುತ್ತೇನೆ. ಅಚ್ಚಿನ ಮೊಳೆ ಜೋಡಿಸಿ ಒತ್ತಿದ ಕರಡು ಹಾಳೆಯನ್ನು, ಅಂದರೆ ಪ್ರೂಫನ್ನು, ಮುಂದಿಟ್ಟುಕೊಂಡು ರೀಡರ್ ಕೂತಿರುತ್ತಾನೆ. ಅವನ ಎದುರಿಗೆ ಕೂತು, ಕೈಬರಹದ ಮೂಲವನ್ನು ಹಿಡಿದು ನಾನು ಗಟ್ಟಿಯಾಗಿ ಓದಬೇಕು. ಒಂದಕ್ಷರ ಬಿಡುವಂತಿಲ್ಲ. ಕಾಮಾ ಬಂದರೆ ಕಾಮಾ ಎನ್ನಬೇಕು, ಫುಲ್‌ಸ್ಟಾಪ್ ಬಂದರೆ ಫುಲ್‌ಸ್ಟಾಪ್ ಎನ್ನಬೇಕು. ನಾನು ಓದಿದ್ದಕ್ಕೂ ಅವನ ಕಣ್ಣ ಮುಂದಿರುವುದಕ್ಕೂ ವ್ಯತ್ಯಾಸ ಕಂಡರೆ ಅವನು ಅಂಚಿನಲ್ಲಿ ಗುರುತು ಹಾಕುತ್ತಾನೆ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಇದೇ. ಹತ್ತೊಂಬತ್ತು ವರ್ಷ ಹೀಗೆ ಓದಿದೆ. ಪಂಚಾಂಗ, ಶಾಲೆಯ ಭೂಗೋಳ, ಸಹಕಾರ ಸಂಘದ ವರದಿ, ಚುನಾವಣೆಯ ಕರಪತ್ರ, ಎಲ್ಲವನ್ನೂ. ಎದುರಿಗೆ ಕೂರುತ್ತಿದ್ದ ರೀಡರ್ ಸೇತುರಾಮ, ಹತ್ತೊಂಬತ್ತು ವರ್ಷವೂ ಅವನೇ. ಅವನ ಮುಖವನ್ನು ನನ್ನ ಹೆಂಡತಿಯ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ.

ಈ ಚಾಳಿ ಮನೆಗೂ ಬಂದಿತ್ತು. ಊರಿನಿಂದ ಕಾಗದ ಬಂದರೆ ಕಾಮಾ ಸಮೇತ ಓದುತ್ತಿದ್ದೆ. ಮಗಳು ಜಯಶೀಲಾ ಚಿಕ್ಕವಳಿದ್ದಾಗ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಬಾಯನ್ನೇ ನೋಡುತ್ತ, ಸಾಲು ಮುಗಿಯುವ ಹೊತ್ತಿಗೆ ನನಗಿಂತ ಮೊದಲು "ಫುಲ್‌ಸ್ಟಾಪ್" ಎಂದು ಹೇಳಿ ಗೆದ್ದವಳಂತೆ ನಗುತ್ತಿದ್ದಳು. ಅವಳ ತಾಯಿ ಕಮಲಾದೇವಿಗೆ ಇದೆಲ್ಲ ಕಂಡರಾಗುತ್ತಿರಲಿಲ್ಲ. ಮನೆಯನ್ನೂ ಪ್ರೆಸ್ ಮಾಡಿಬಿಟ್ರಿ ಎಂದು ಗೊಣಗುತ್ತಿದ್ದಳು.

ಐವತ್ತೆಂಟನೇ ಇಸವಿಯ ಚಳಿಗಾಲದಲ್ಲಿ ದನಿ ಕಟ್ಟಲು ಶುರುವಾಯಿತು. ಮೊದಲು ನೆಗಡಿ ಎಂದುಕೊಂಡೆ. ನೆಗಡಿ ಹೋಯಿತು, ಇದು ಹೋಗಲಿಲ್ಲ. ಮಾತು ಹೊರಡುವ ಹೊತ್ತಿಗೆ ಗಂಟಲೊಳಗೆ ಯಾರೋ ಬಾಗಿಲು ಹಾಕಿಕೊಳ್ಳುತ್ತಾರೆ. ತಳ್ಳಿದರೆ ಒಂದಕ್ಷರ ಹೊರಗೆ ಬರುತ್ತದೆ, ಮತ್ತೆ ಬಾಗಿಲು. ನೋವಿಲ್ಲ, ಉರಿಯಿಲ್ಲ, ಕೆಮ್ಮಿಲ್ಲ. ಜ್ಯೇಷ್ಠಮಧು ಅಗಿದೆ, ಹಿಪ್ಪಲಿ ನೆಕ್ಕಿದೆ, ಉಪ್ಪುನೀರು ಮುಕ್ಕಳಿಸಿದೆ, ಮೆಣಸು ಹಾಕಿದ ಹಾಲು ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಂಡೆ. ದೊಡ್ಡಾಸ್ಪತ್ರೆಯ ಡಾಕ್ಟರು ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಸಣ್ಣ ಕನ್ನಡಿ ಇಳಿಸಿ ನೋಡಿದರು. "ಏನೂ ಇಲ್ಲ, ಗಂಟಲು ಬಹಳ ಚೆನ್ನಾಗಿದೆ. ನರದೌರ್ಬಲ್ಯ, ಅಷ್ಟೆ. ಯೋಚನೆ ಕಡಿಮೆ ಮಾಡಿ," ಎಂದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏನಾದರೂ ಇದೆ ಎಂದಿದ್ದರೆ ಎಷ್ಟೋ ವಾಸಿಯಾಗಿತ್ತು. ಏನೂ ಇಲ್ಲದ ರೋಗಕ್ಕೆ ಪ್ರೆಸ್ಸಿನಲ್ಲಿ ಯಾವ ರಜಾ ಕೇಳಲಿ?

ಇದರ ಕುಚೋದ್ಯ ಇನ್ನೂ ಇದೆ. ಪಿಸುಗುಟ್ಟಿದರೆ ಮಾತು ಸಲೀಸು. ಸೋಮವಾರದ ಭಜನೆಯಲ್ಲಿ ನಾಲ್ಕು ಜನರ ಜೊತೆ ಹಾಡಿದರೂ ದನಿ ನೆಟ್ಟಗೆ ಹೊರಡುತ್ತದೆ. ಮಾತಾಡಿದರೆ ಮಾತ್ರ ಕಟ್ಟುತ್ತದೆ. ನಮ್ಮ ಪ್ರೆಸ್ಸಿನ ಯಜಮಾನರು ಶಾಮಣ್ಣನವರು ಒಂದು ದಿನ ಭಜನೆಗೆ ಬಂದು ಕೇಳಿಬಿಟ್ಟರು. ಮಾರನೆಯ ದಿನ ನನ್ನ ಮೇಜಿನ ಹತ್ತಿರ ನಿಂತು, "ಹಾಡೋಕ್ ಬರತ್ತೆ, ಓದೋಕ್ ಬರಲ್ಲ. ಇದೆಂಥಾ ಕಾಯಿಲೆ ಏಕಾಂತಯ್ಯನೋರೆ?" ಎಂದರು. ಕೆಟ್ಟವರಲ್ಲ, ಆದರೆ ಆ ದಿನ ನನಗೆ ಮೈಯೆಲ್ಲ ಉರಿಯಿತು. ಉತ್ತರ ಕೊಡಬೇಕೆಂದು ಬಾಯಿ ತೆರೆದೆ, ಮೊದಲಕ್ಷರವೇ ಸಿಕ್ಕಿಕೊಂಡಿತು. ಅವರು ಸ್ವಲ್ಪ ಹೊತ್ತು ಕಾದು ಹೊರಟುಹೋದರು.

ಹೀಗೆ ಕಾದು ಹೊರಟುಹೋಗುವವರನ್ನು ನೋಡಿ ನೋಡಿ ನಾನು ಜನರ ನಡುವೆ ಹೋಗುವುದನ್ನೇ ಕಡಿಮೆ ಮಾಡಿದೆ. ಕಾಯುವವರು ವಾಸಿ. ಕೆಲವರು ನನ್ನ ಮಾತನ್ನು ತಾವೇ ಮುಗಿಸುತ್ತಾರೆ, ಅದೂ ತಪ್ಪಾಗಿ. ಮದುವೆ, ನಾಮಕರಣಗಳಿಗೆ ಕಮಲಾ ಒಬ್ಬಳೇ ಹೋಗುತ್ತಿದ್ದಳು. ಶುಭಕಾರ್ಯದಲ್ಲಿ ಅಳುವ ದನಿಯವನು ಯಾರಿಗೆ ಬೇಕು? ಸಾವಿನ ಮನೆಗೆ ಮಾತ್ರ ಧೈರ್ಯವಾಗಿ ಹೋಗುತ್ತಿದ್ದೆ. ಅಲ್ಲಿ ಎರಡು ಮಾತಾಡಿದರೆ ಸಾಕು, ಸತ್ತವರ ಸ್ವಂತ ತಮ್ಮನಿಗಿಂತ ನನಗೇ ಹೆಚ್ಚು ದುಃಖವಾಗಿದೆ ಎಂದುಕೊಂಡು ಜನ ನನಗೇ ನೀರು ತಂದುಕೊಡುತ್ತಿದ್ದರು. ಇದನ್ನು ಸೇತುರಾಮನಿಗೆ ಹೇಳಿದಾಗ ಅವನು ನಕ್ಕ. ನಾನೂ ನಕ್ಕೆ. ನಗುವಾಗಲೂ ದನಿ ಕಟ್ಟುವುದಿಲ್ಲ, ನೋಡಿ.

ಅರವತ್ತೆರಡರಲ್ಲಿ ಸೇತುರಾಮನೇ ಸಲಹೆ ಕೊಟ್ಟ. "ಒಂದು ತಿಂಗಳು ಪ್ರೆಸ್ಸಲ್ಲಿ ಬಿಟ್ಟು ಬೇರೆಲ್ಲೂ ಬಾಯಿ ತೆಗೀಬೇಡ. ದನಿಗೆ ಸ್ವಲ್ಪ ವಿಶ್ರಾಂತಿ ಸಿಗ್ಲಿ," ಎಂದ. ಸರಿಯೆನಿಸಿತು. ಮನೆಯಲ್ಲಿ, ಬೀದಿಯಲ್ಲಿ ಬಾಯಿ ಮುಚ್ಚಿದೆ. ಮಾತಾಡಿಸಿದವರಿಗೆ ಕೈಮುಗಿದು ನಕ್ಕು ಮುಂದೆ ಹೋಗುತ್ತಿದ್ದೆ. ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾದದ್ದು.

ನಾವು ಜಂಗಮರು. ನಾನು ದಿನಾ ಸ್ನಾನ ಮಾಡಿ, ಹಣೆತುಂಬ ವಿಭೂತಿ ಧರಿಸಿ ಹೊರಡುವವನು. ನಮ್ಮ ಮನೆಯೊಡೆಯ ತಿಮ್ಮರಾಯಪ್ಪ ಆ ಊರಿನ ಹಳೆಯ ಒಕ್ಕಲು. ಈಗ ಜಯನಗರದ ಬ್ಲಾಕುಗಳಾಗಿರುವ ಜಾಗದಲ್ಲಿ ರಾಗಿ ಬೆಳೆದವರು. ವಿಭೂತಿ ಹಚ್ಚಿದ ಅಯ್ಯನೊಬ್ಬ ಇದ್ದಕ್ಕಿದ್ದ ಹಾಗೆ ಮಾತು ಬಿಟ್ಟು ಕೈಮುಗಿದು ನಗುತ್ತ ಓಡಾಡುವುದನ್ನು ಕಂಡು ಅವರಿಗೆ ಹೊಳೆದದ್ದು ಒಂದೇ. ಒಂದು ಸೋಮವಾರ ಬೆಳಗ್ಗೆ ಹೆಂಡತಿ ಮುನಿಲಕ್ಷ್ಮಮ್ಮ, ಬಸುರಿ ಸೊಸೆ, ಒಂದು ತಟ್ಟೆ ಬಾಳೆಹಣ್ಣಿನೊಂದಿಗೆ ನಮ್ಮ ಬಾಗಿಲಿಗೆ ಬಂದರು.

"ಅಯ್ನೋರು ಮೌನ ಹಿಡ್ದವ್ರೆ ಅಂತ ನಮ್ಗೆ ಒಂದ್ಮಾತು ಹೇಳ್ಬಾರ್ದಾ ತಾಯಿ?" ಎಂದು ತಿಮ್ಮರಾಯಪ್ಪ ಕಮಲಾಳನ್ನು ಕೇಳಿದರು. "ನಮ್ಮನೇಲೇ ಇಂಥಾ ವ್ರತ ನಡೀತೈತೆ, ನಮ್ಗೇ ಗೊತ್ತಿಲ್ಲ. ಸೊಸೆ ಕಾಲಿಗೆ ಬೀಳ್ತಾಳೆ, ಒಂದು ಕೈ ತಲೆ ಮ್ಯಾಲೆ ಇಕ್ಕಿ ಸಾಕು."

ನಾನು ಗಾಬರಿಯಿಂದ ಕಮಲಾಳ ಕಡೆ ನೋಡಿದೆ. ಅವಳು, "ಹೂಂ, ಶಿವರಾತ್ರಿಯಿಂದ ಹಿಡಿದಿದ್ದಾರೆ," ಎಂದುಬಿಟ್ಟಳು. ಬಾಳೆಹಣ್ಣಿನ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಅವರು ಹೋದ ಮೇಲೆ ಪಿಸುಮಾತಿನಲ್ಲೇ ರೇಗಿದೆ. ಅವಳು ಸೋಲಲಿಲ್ಲ. "ನಾಲ್ಕು ವರ್ಷದಿಂದ ಜನ ನಿಮ್ಮನ್ನ ಅಳುಬುರುಕ ಅಂತಿದ್ರು, ಕುಡಿದಿದಾರಾ ಅಂತ ಒಬ್ರು ನನ್ನನ್ನೇ ಕೇಳಿದ್ರು. ಈಗ ಕಾಲು ಮುಟ್ತಿದಾರೆ. ನಿಮಗೇನ್ರೀ ನಷ್ಟ?" ಎಂದಳು. ನಷ್ಟ ಇಷ್ಟೇ. ನಮ್ಮ ಬೀದಿಯಲ್ಲಿ ಅಂದಿನಿಂದ ಆ ಕೆಟ್ಟ ದನಿಯಲ್ಲಿಯೂ ನನಗೆ ಮಾತಿಲ್ಲದಂತಾಯಿತು.

ಆ ವರ್ಷವೇ ಜಯಶೀಲಾಳ ಸಂಬಂಧ ಕೂಡಿಬಂತು. ವಿಲ್ಸನ್ ಗಾರ್ಡನ್ನಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಪರಮಶಿವಯ್ಯನವರ ಮಗ, ಸರ್ಕಾರಿ ಗುಮಾಸ್ತ. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನು. ಅವರು ಹುಡುಗಿಯನ್ನು ನೋಡಲು ಬಂದ ದಿನ ಕಮಲಾ ನನ್ನ ವ್ರತದ ಸಂಗತಿಯನ್ನು ಎಲೆಅಡಿಕೆಗಿಂತ ಮೊದಲು ಮುಂದಿಟ್ಟಳು. ಪರಮಶಿವಯ್ಯ ದೈವಭಕ್ತರು. ಎದ್ದು ನಿಂತು ಕೈಮುಗಿದರು. "ಈ ಕಾಲ್ದಲ್ಲಿ ಸಂಸಾರದಲ್ಲಿದ್ಕೊಂಡು ಮೌನ ಅಂದ್ರೆ ಸುಮ್ನೆ ಅಲ್ಲ," ಎಂದು ಹೆಂಡತಿಗೆ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನೂ ಅವರು ವಿನಯ ಎಂದುಕೊಂಡರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ನಿಶ್ಚಿತಾರ್ಥದ ದಿನ ಎಲೆಅಡಿಕೆ ಬದಲಾಯಿಸುವಾಗ ತಂದೆ ಆಡಬೇಕಾದ ಮಾತುಗಳನ್ನೆಲ್ಲ ಕಮಲಾಳ ತಮ್ಮ ಜಯದೇವಪ್ಪ ಆಡಿದ. ಅವನಿಗೆ ಮಾತು ಎಂದರೆ ಹಬ್ಬ. ನಮ್ಮ ಹುಡುಗಿ, ನಮ್ಮ ಮನೆತನ, ನಾವು ಬೆಳೆಸಿದ ರೀತಿ ಎಂದು ಹತ್ತು ನಿಮಿಷ ಸುರಿದ. ನನ್ನ ಮಗಳನ್ನು ಅವನು ನಮ್ಮ ಹುಡುಗಿ ಎಂದಾಗಲೆಲ್ಲ ನಾನು ಎಲೆಅಡಿಕೆಯ ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ.

ಆ ಸಂಜೆ ಜಯಶೀಲಾ ಹಿತ್ತಲಿನ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು. "ಅಪ್ಪ, ಮಾವ ಇವತ್ತು ಏನ್ ಬೇಕಾದ್ರೂ ಮಾತಾಡ್ಲಿ. ಮದುವೆ ದಿನ ನನ್ನ ಒಪ್ಪಿಸಿ ಕೊಡೋದು ಮಾತ್ರ ನೀವೇ. ನಿಮ್ಮ ಬಾಯಿಂದ."

"ಮೌನ ಅಂದಿದ್ದಾರಲ್ಲೇ," ಎಂದು ಪಿಸುಗುಟ್ಟಿದೆ.

"ಅಮ್ಮ ಅಂದಿದ್ದು. ನಾನು ಅಂದಿಲ್ಲ. ನೀವು ಒಪ್ಪಿಸ್ದೆ ಇದ್ರೆ ನಾನು ಅವರ ಕೈಗೆ ಕೈ ಕೊಡಲ್ಲ." ನಗುತ್ತ ಹೇಳಿದಳು, ಆದರೆ ಅವಳು ಒಮ್ಮೆ ಅಂದರೆ ಅಂದಂತೆಯೇ. ನಾನು ಹೂಂಗುಟ್ಟಿದೆ.

ಹೂಂಗುಟ್ಟುವುದು ಸುಲಭ. ಹೆಣ್ಣು ಒಪ್ಪಿಸುವಾಗ ಓಲಗ ನಿಲ್ಲಿಸುತ್ತಾರೆ. ಎರಡೂ ಕಡೆಯವರು ಸುತ್ತ ನಿಂತಿರುತ್ತಾರೆ. ತಂದೆ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅಲ್ಲಿ ಪಿಸುಗುಟ್ಟುವಂತಿಲ್ಲ, ಹಾಡುವಂತಿಲ್ಲ.

ಈ ನಡುವೆ ಪ್ರೆಸ್ಸಿನಲ್ಲಿ ನನ್ನ ಕಾಲ ಮುಗಿಯುತ್ತ ಬಂದಿತ್ತು. ಮೊದಲು ದಿನಕ್ಕೆ ಮೂವತ್ತು ಪುಟ ಓದುತ್ತಿದ್ದವನು ಹತ್ತಕ್ಕೆ ಇಳಿದಿದ್ದೆ. ಸೇತುರಾಮ ಒಂದು ದಿನವೂ ಬೇಸರ ತೋರಿಸಲಿಲ್ಲ. ಪೆನ್ಸಿಲ್ ಹಿಡಿದು, ಕಣ್ಣನ್ನು ಆ ಅಕ್ಷರದ ಮೇಲೇ ಇಟ್ಟು ಕಾಯುತ್ತಿದ್ದ. ನನ್ನ ಮಾತನ್ನು ಎಂದೂ ತಾನು ಮುಗಿಸಿದವನಲ್ಲ. ಆದರೆ ಕಾಯುವವನು ಅವನು, ಸಂಬಳ ಕೊಡುವವರು ಶಾಮಣ್ಣ. ಅರವತ್ತಮೂರರ ಚೈತ್ರಮಾಸದಲ್ಲಿ ಒಂದು ದಿನ ಕರೆದು, "ಬೈಂಡಿಂಗ್ ಕಡೆ ಹೋಗ್ಬಿಡಿ. ಅಚ್ಚಾದ ಫಾರಂ ಮಡಿಚೋದು, ಹೊಲಿಯೋದು. ಬಾಯೇ ಬೇಡ ಆ ಕೆಲ್ಸಕ್ಕೆ," ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಮಗಳ ಲಗ್ನಪತ್ರಿಕೆ ಇಲ್ಲೇ ಅಚ್ಚಾಗ್ತಿದೆಯಲ್ಲ, ಅದೊಂದು ಪ್ರೂಫ್ ನೀವೇ ಓದಿ ಹೋಗಿ," ಎಂದರು.

ಆ ಪ್ರೂಫ್ ಬಂದ ಮಧ್ಯಾಹ್ನ ನಾನೂ ಸೇತುರಾಮನೂ ಹಲಗೆಯ ಅಡ್ಡಗೋಡೆಯ ಹಿಂದಿನ ನಮ್ಮ ಪುಟ್ಟ ಕೋಣೆಯಲ್ಲಿ ಕೂತೆವು. ಒಂದೇ ಒಂದು ಪುಟ. ನನ್ನ ಕೊನೆಯ ಓದು ಎಂದು ಇಬ್ಬರಿಗೂ ಗೊತ್ತಿತ್ತು. ದೇವರ ಹೆಸರು, ಹಿರಿಯರ ಹೆಸರು, ತಿಥಿ, ನಕ್ಷತ್ರ, ಪ್ರತಿ ಪದದಲ್ಲೂ ಬಾಗಿಲು ಹಾಕಿ ತೆಗೆದು ಓದಿದೆ. "ಏಕಾಂತಯ್ಯನವರ ಪುತ್ರಿ, ಕಾಮಾ" ಎನ್ನುವಷ್ಟರಲ್ಲಿ ಬೆವರು ಬಂತು. ಸೇತುರಾಮ ಪೆನ್ಸಿಲ್ ಎತ್ತದೆ ಕಾಯುತ್ತಿದ್ದ. "ಜಯಶೀಲಾ" ಎಂದು ಮುಗಿಸಿ ತಲೆಯೆತ್ತಿದೆ. ಬಾಗಿಲಲ್ಲಿ ಪರಮಶಿವಯ್ಯ ನಿಂತಿದ್ದರು.

ಪತ್ರಿಕೆಯಲ್ಲಿ ತಮ್ಮ ತಮ್ಮನ ಹೆಸರು ಸೇರಿಸಲು ಬಂದವರು. ನಾನು ಆ ಪ್ರೆಸ್ಸಿನಲ್ಲಿರುವುದು ಅವರಿಗೆ ಗೊತ್ತಿತ್ತು. ಪ್ರೂಫ್ ನೋಡುವ ಕೆಲಸ, ಬಾಯಿ ಬೇಡ ಎಂದು ಕಮಲಾ ಹೇಳಿದ್ದಳು. ಹೊರಗಿನವರಿಗೆ ಪ್ರೂಫನ್ನು ಗಟ್ಟಿಯಾಗಿ ಓದಿ ನೋಡುತ್ತಾರೆಂದು ಹೇಗೆ ಗೊತ್ತಾಗಬೇಕು?

"ಮೌನ ಅಂದಿದ್ರಿ," ಎಂದರು ಪರಮಶಿವಯ್ಯ.

ನಾನು ಎದ್ದು ನಿಂತೆ. ಬಾಯಿ ತೆರೆಯಹೊರಟ ಸೇತುರಾಮನನ್ನು ಕೈಯಾಡಿಸಿ ತಡೆದೆ. ಐದು ವರ್ಷದ ಕಥೆಯನ್ನು ನಾನೇ ಹೇಳಿದೆ. ಇನ್ನೊಬ್ಬರಿಗೆ ಐದು ನಿಮಿಷದ ಮಾತು, ನನಗೆ ಅರ್ಧ ಗಂಟೆ ಹಿಡಿಯಿತು. ವ್ರತವಲ್ಲ, ರೋಗ. ಗಂಟಲಲ್ಲಿ ಏನೂ ಇಲ್ಲವಂತೆ. ಹುಡುಗಿಗೆ ಇಲ್ಲ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಸುಳ್ಳು ನಾನು ಹೇಳಲಿಲ್ಲ, ಆದರೆ ಸುಳ್ಳಿನೊಳಗೆ ಸುಮ್ಮನೆ ಕೂತೆ, ಅದು ನನ್ನ ತಪ್ಪು.

ಪರಮಶಿವಯ್ಯ ಪ್ರೂಫಿನ ಹಾಳೆಯನ್ನು ಎತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. "ಮದುವೆ ಮುರಿಯೋ ಮಾತಿಲ್ಲ. ಹುಡುಗಿ ನಮಗೆ ಒಪ್ಪಿಗೆ," ಎಂದರು. "ಆದ್ರೆ ತಿಪಟೂರು, ಅರಸೀಕೆರೆ, ಎಲ್ಲಾ ಕಡೆ ನೆಂಟರಿಗೆ ಹೇಳ್ಕೊಂಡಿದ್ದೀನಿ, ನಮ್ಮ ಬೀಗರು ಮೌನದಲ್ಲಿದಾರೆ ಅಂತ. ಈಗ ರೋಗ ಅಂದ್ರೆ ಒಬ್ಬೊಬ್ರು ಒಂದೊಂದು ಅಂತಾರೆ. ಹುಡುಗಿ ನಮ್ಮನೆಗೆ ಬಂದ್ಮೇಲೆ ಆ ಮಾತು ಅವಳ ತಲೆ ಮೇಲೇ ಬೀಳೋದು. ಮದುವೆ ಮುಗಿಯೋವರೆಗೂ ದಯವಿಟ್ಟು ಬಾಯಿ ಬಿಡ್ಬೇಡಿ. ಒಪ್ಪಿಸೋ ಮಾತು ನಿಮ್ಮ ಭಾವಮೈದ ಆಡ್ಲಿ."

ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಅದೇ ನನ್ನನ್ನು ಕಟ್ಟಿಹಾಕಿತು. ಬೈದಿದ್ದರೆ ತಿರುಗಿ ಬೀಳಬಹುದಿತ್ತು.

ಮಾತಾಡಿದರೆ ಮಗಳ ಅತ್ತೆ ಮನೆಗೆ ಅವಮಾನ, ಆಡದಿದ್ದರೆ ಮಗಳಿಗೆ ಕೊಟ್ಟ ಮಾತು ಹೋಯಿತು. ಕಮಲಾಳಿಗೆ ಹೇಳಿದರೆ, "ಬೀಗರು ಹೇಳಿದ್ಮೇಲೆ ಮುಗೀತು. ಸುಮ್ನಿದ್ಬಿಡಿ," ಎಂದಳು. ಮಗಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಸೇತುರಾಮನಿಗೆ ಮಾತ್ರ, ಮಾತಾಡುವುದೋ ಬಿಡುವುದೋ ಗೊತ್ತಿಲ್ಲ, ಆದರೆ ಆಡಬೇಕಾದರೆ ಬಾಯಲ್ಲಿ ಬರಬೇಕಲ್ಲ ಎಂದೆ. ಅವನು ಒಂದು ಚೂರು ಪ್ರೂಫ್ ಕಾಗದ ತೆಗೆದ. "ಹೇಳು, ಬರ್ಕೋತೀನಿ."

ವಾಡಿಕೆಯ ಮಾತು ಹೀಗಿತ್ತು: ನಮ್ಮ ಮಗಳು ಇನ್ನು ಮೇಲೆ ನಿಮ್ಮ ಮನೆಯ ಮಗಳು, ಏನಾದರೂ ತಪ್ಪಿದರೆ ತಿದ್ದಿ, ನಿಮ್ಮ ಮಡಿಲಿಗೆ ಹಾಕಿಕೊಳ್ಳಿ. ನಾನು ಓದಿದೆ. ಅವನು ಪೆನ್ಸಿಲ್ ಹಿಡಿದು ಕೇಳಿದ. "ಇನ್ನು ಮೇಲೆ" ಎಂಬಲ್ಲಿ ಸಿಕ್ಕಿಕೊಂಡೆ, ಅವನು ಅದನ್ನು ಹೊಡೆದುಹಾಕಿದ. "ಏನಾದರೂ" ಎಂಬಲ್ಲಿ ಸಿಕ್ಕಿಕೊಂಡೆ, ಅದನ್ನೂ ಹೊಡೆದ. ಮಡಿಲು ಹೋಯಿತು. "ತಪ್ಪಿದರೆ ತಿದ್ದಿ" ಸಲೀಸಾಗಿ ಬಂತು, ಅದು ಉಳಿಯಿತು. ದಿನಾ ಊಟದ ಬಿಡುವಿನಲ್ಲಿ ಹೀಗೆ ಕೂತು ತಿದ್ದಿದೆವು. ಕೊನೆಗೆ ನಾಲ್ಕೈದು ಪದ ಉಳಿದವು. ಅದರಲ್ಲೂ "ಮಗಳು" ಎಂಬ ಕಡೆ ಪ್ರತಿ ಸಲವೂ ಗಂಟಲು ಮುಚ್ಚಿತು. ಸೇತುರಾಮ ಪೆನ್ಸಿಲನ್ನು ಆ ಪದದ ಮೇಲೆ ತಂದು, ಮತ್ತೆ ಹಿಂದಕ್ಕೆ ತೆಗೆದುಕೊಂಡ.

"ಇದನ್ನ ತೆಗೆಯೋಕಾಗಲ್ಲ ಕಣಯ್ಯ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಸುಸ್ತಾಗಿತ್ತು. ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

ಮದುವೆ ವೈಶಾಖದಲ್ಲಿ, ತ್ಯಾಗರಾಜನಗರದ ಒಂದು ಛತ್ರದಲ್ಲಿ. ಎರಡು ದಿನ ನಾನು ಮೂಗನಂತೆ ಕುಳಿತಿದ್ದೆ. ಅರಸೀಕೆರೆಯ ಮುದುಕಿಯರು ಸಾಲಾಗಿ ಬಂದು ಕಾಲಿಗೆ ಬಿದ್ದರು. ತಿಮ್ಮರಾಯಪ್ಪ ಬೀಗರ ಕಡೆಯವರನ್ನೆಲ್ಲ ಕೂರಿಸಿಕೊಂಡು, ಅಯ್ನೋರ ಕೈ ತಾಗಿದ ಮೇಲೆ ತಮ್ಮ ಸೊಸೆಗೆ ಸುಖವಾಗಿ ಹೆರಿಗೆಯಾದ ಕಥೆ ಹೇಳುತ್ತಿದ್ದರು. ಜಯದೇವಪ್ಪ ಇದ್ದಲ್ಲೆಲ್ಲ ಮಾತು. ನಾನು ಜೇಬಿನ ಕಾಗದವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಅದು ಬೆವರಿಗೆ ಮೆತ್ತಗಾಗಿತ್ತು.

ಎರಡನೆಯ ದಿನ ಊಟವಾದ ಮೇಲೆ ಒಪ್ಪಿಸುವ ಶಾಸ್ತ್ರ. ಓಲಗ ನಿಂತಿತು. ಬೀಗಿತ್ತಿ ಮುಂದೆ ಬಂದು ಎರಡೂ ಕೈ ಚಾಚಿ ನಿಂತರು. ಕಮಲಾ ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಜಯದೇವಪ್ಪ ಶಲ್ಯ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಜಯಶೀಲಾಳ ಕೈ ಹಿಡಿಯಲು ಹೋದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೊಡಮ್ಮ ಕೈ," ಎಂದ ಜಯದೇವಪ್ಪ.

"ಅಪ್ಪ," ಎಂದಳು ಅವಳು. ಅಷ್ಟೇ.

ಪರಮಶಿವಯ್ಯ ನನ್ನನ್ನೇ ನೋಡುತ್ತಿದ್ದರು, ತಲೆಯನ್ನು ಸ್ವಲ್ಪವೇ ಅಡ್ಡ ಆಡಿಸಿದರು. ನಾನು ಅವರನ್ನು ನೋಡಿದೆ, ಮಗಳನ್ನು ನೋಡಿದೆ. ಅವಳು ನನ್ನ ಬಾಯನ್ನು ನೋಡುತ್ತಿದ್ದಳು. ಹೋಗಲಿ, ಏನು ಬೇಕಾದರೂ ಅಂದುಕೊಳ್ಳಲಿ ಎನಿಸಿತು. ಮುಂದೆ ಬಂದು ಅವಳ ಕೈ ಹಿಡಿದು ಬೀಗಿತ್ತಿಯ ಕೈಯಲ್ಲಿಟ್ಟೆ.

"ನಮ್ಮ," ಎಂದೆ. ಬಂತು. ಆಮೇಲೆ ಬಾಗಿಲು ಮುಚ್ಚಿತು. ತಳ್ಳಿದೆ. "ಮ" ಎಂಬುದು ಮೂರು ಚೂರಾಗಿ ಹೊರಬಿತ್ತು. ಉಸಿರು ನಿಂತಿತು, ಕತ್ತಿನ ನರ ಉಬ್ಬಿತು, ಮತ್ತೆ ತಳ್ಳಿದೆ. "ಮಗಳು" ಎಂದು ಮುಗಿಸುವ ಹೊತ್ತಿಗೆ ಸುತ್ತ ಏನೋ ಸದ್ದಾಗುತ್ತಿತ್ತು. ಜನ ನಗುತ್ತಿದ್ದಾರೆ ಎಂದುಕೊಂಡೆ. ಕಣ್ಣೆತ್ತಿ ನೋಡಿದರೆ ಎಲ್ಲರೂ ಅಳುತ್ತಿದ್ದರು.

ಬೀಗಿತ್ತಿ ಬಿಕ್ಕುತ್ತಿದ್ದರು. ಅರಸೀಕೆರೆಯ ಮುದುಕಿಯರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ತಿಮ್ಮರಾಯಪ್ಪ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ನನಗೆ ಅರ್ಥವಾಯಿತು. ಹೆಣ್ಣು ಒಪ್ಪಿಸುವಾಗ ಯಾವ ತಂದೆಯ ದನಿ ಕಟ್ಟುವುದಿಲ್ಲ? ನನ್ನ ಹಾಗೆ ಮಾತಾಡದ ತಂದೆಯನ್ನು ಅವರು ಆ ಜಾಗದಲ್ಲಿ ಕಂಡೇ ಇರಲಿಲ್ಲ. ಐದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ದನಿ ಎಲ್ಲರ ದನಿಯಂತಿತ್ತು. ನನಗೆ ಅವಸರವೇ ಇರಲಿಲ್ಲ. ಸೇತುರಾಮ ಹೊಡೆದುಹಾಕಿದ್ದ ಪದಗಳನ್ನೂ ಸೇರಿಸಿಕೊಂಡೆ. "ಇನ್ನು ಮೇಲೆ" ಎಂದೆ, ಸಿಕ್ಕಿಕೊಂಡೆ, ಬಿಡಿಸಿಕೊಂಡೆ. "ಏನಾದರೂ ತಪ್ಪಿದರೆ ತಿದ್ದಿ" ಎಂದೆ. "ಮಡಿಲಿಗೆ ಹಾಕಿಕೊಳ್ಳಿ" ಎಂದೆ. ಯಾರೂ ನನ್ನ ಮಾತನ್ನು ಮುಗಿಸಲು ಬರಲಿಲ್ಲ.

"ಅಳ್ಬೇಡಿ ಅಯ್ನೋರೆ," ಎಂದರು ಬೀಗಿತ್ತಿ. "ನನ್ನ ಮಗಳ ಹಾಗೇ ನೋಡ್ಕೋತೀನಿ."

ಪರಮಶಿವಯ್ಯ ಶಲ್ಯದಿಂದ ಮುಖ ಒರೆಸಿಕೊಂಡು ತಮ್ಮವರ ಕಡೆ ತಿರುಗಿದರು. "ಮಗಳಿಗೋಸ್ಕರ ಮೌನ ಮುರಿದ್ರು, ನೋಡಿ," ಎಂದರು. ಅವರ ದನಿಯೂ ಕಟ್ಟಿತ್ತು. ಅವರಿಗೆ ನಿಜ ಗೊತ್ತಿತ್ತು, ಆದರೂ ಅವರೂ ಅಳುತ್ತಿದ್ದರು.

ಇಡೀ ಛತ್ರದಲ್ಲಿ ಅಳದೆ ಇದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ಜಯಶೀಲಾ. ಅವಳು ನನ್ನ ಬಾಯ ಮೇಲಿನ ಕಣ್ಣು ತೆಗೆಯದೆ ಕೊನೆಯ ಪದದವರೆಗೂ ಕಾದಳು. ಮುಗಿದ ಮೇಲೆ ಬಗ್ಗಿ ಕಾಲು ಮುಟ್ಟಿ ಏಳುವಾಗ, ನನಗೊಬ್ಬನಿಗೇ ಕೇಳುವಂತೆ, "ಫುಲ್‌ಸ್ಟಾಪ್," ಎಂದಳು. ಆಮೇಲೆ ನನಗೆ ಅಳು ಬಂತು. ಅದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ಮದುವೆ ಮುಗಿದ ಸೋಮವಾರ ಮತ್ತೆ ಬೈಂಡಿಂಗಿಗೆ ಹೋದೆ. ಫಾರಂ ಮಡಿಚುತ್ತೇನೆ, ಹೊಲಿಯುತ್ತೇನೆ, ಅಂಟು ಹಚ್ಚುತ್ತೇನೆ. ಹಲಗೆಯ ಅಡ್ಡಗೋಡೆಯ ಹಿಂದೆ ಹೊಸಬನೊಬ್ಬ ಓದುವುದು ಕೇಳಿಸುತ್ತದೆ. ದನಿ ಗಂಟೆಯ ಹಾಗಿದೆ, ಕಾಮಾ ಮಾತ್ರ ನುಂಗುತ್ತಾನೆ. ಸೇತುರಾಮ ಊಟದ ಹೊತ್ತಿಗೆ ಬುತ್ತಿ ತೆಗೆದುಕೊಂಡು ನನ್ನ ಹತ್ತಿರ ಬಂದು ಕೂರುತ್ತಾನೆ.

ಮಗಳ ಮದುವೆಯಾದ ಹೊಸತರಲ್ಲಿ ಯಡಿಯೂರಿನಲ್ಲಿ ನಾನು ಎಲ್ಲರೊಡನೆ ಮಾತಾಡಿದೆ. ಹಾಲಿನವನು, ಹೂವಿನವಳು, ಸೊಸೈಟಿ ಅಂಗಡಿಯವನು, ಎಲ್ಲರೊಡನೆ, ಐದು ವರ್ಷದ ಬಾಕಿಯನ್ನೆಲ್ಲ. ಪಾಪ, ಮಗಳನ್ನು ಕಳಿಸಿದ್ದಾರೆ ಎಂದು ಜನ ನಿಂತು ಕೇಳಿದರು. ಎರಡು ತಿಂಗಳಾದ ಮೇಲೆ ತಿಮ್ಮರಾಯಪ್ಪ, "ಇನ್ನೂ ಎಷ್ಟು ದಿನ ಅಳ್ತೀರಾ ಅಯ್ನೋರೆ, ಇಲ್ಲೇ ವಿಲ್ಸನ್ ಗಾರ್ಡನ್ ತಾನೆ," ಎಂದರು. ಅಲ್ಲಿಗೆ ಆ ರಿಯಾಯಿತಿ ಮುಗಿಯಿತು.

ನಮ್ಮ ಬೀದಿಯಲ್ಲಿ ಮುಗಿಯಿತು, ಊರಿನಲ್ಲಿ ಇನ್ನೂ ಇದೆ. ಈಗ ಬಸ್ಸಿನಲ್ಲಿ ಯಾರಾದರೂ ಹೊಸ ಕಂಡಕ್ಟರು ನನ್ನ ದನಿ ಕೇಳಿ, ಯಾಕ್ ಸ್ವಾಮಿ ಅಳ್ತೀರಾ ಎಂದರೆ, ಅಳುತ್ತಿಲ್ಲ ಎಂದು ವಾದಿಸುವುದನ್ನು ಬಿಟ್ಟಿದ್ದೇನೆ. ಮಗಳನ್ನು ಒಪ್ಪಿಸಿ ಬಂದೆ ಎನ್ನುತ್ತೇನೆ. ಅವನು ತಲೆಯಾಡಿಸಿ, ನಾನು ಮಾತು ಮುಗಿಸುವ ತನಕ ಕಾದು, ಟಿಕೆಟ್ ಹರಿದು ಕೊಡುತ್ತಾನೆ. ಯಾವಾಗ ಎಂದು ಯಾರೂ ಕೇಳುವುದಿಲ್ಲ.